ತಣ್ಣನೆ ಮರುಭೂಮಿಗೆ ಬೈಕ್: ಸರಿ, ರಾತ್ರಿ ಎಲ್ಲಿ ಮಲಗ್ತೀರಿ?

ಮೊನ್ನೆ ಸಂಜೆ ಸಿಟಿ ಬಸ್ ನಿಲ್ದಾಣಕ್ಕೆ ಹೊರಟವನನ್ನು ಶಿವರಾಂಪೇಟೆಯ ಹಾರ್ಡ್‌ವೇರ್ ಅಂಗಡಿ ಯಜಮಾನರೊಬ್ಬರು ಕೂಗಿ ನಿಲ್ಲಿಸಿದರು. "ಸಾರ್, ನಮ್ಮ ಹುಡುಗನಿಗೆ ನೀವಾದ್ರೂ ಬುದ್ಧಿ ಹೇಳಿ. ನನ್ನ ಹಳೇ ಯೆಜ್ಡಿ ತಗೊಂಡು ಹಿಮಾಲಯಕ್ಕೆ ಹೋಗ್ತಾನಂತೆ. ಅಲ್ಲಿಂದ ಮರುಭೂಮಿಗಂತೆ! ಹಿಮಾಲಯದಲ್ಲಿ ಮರುಭೂಮಿ ಎಲ್ಲಿಂದ ಬಂತು ಸಾರ್?"

ಇದೆ ಸ್ವಾಮಿ. ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆ. ಆಗುಂಬೆಯಲ್ಲಿ ಧಾರಾಕಾರ ಸುರಿಯುವ ಮಳೆ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಬತ್ತಿ ಹೋಗುತ್ತಲ್ಲ, ಅಲ್ಲೂ ಅದೇ ಕಥೆ. ಇಲ್ಲಿ ಘಟ್ಟ ಅಡ್ಡ, ಅಲ್ಲಿ ಹಿಮಾಲಯವೇ ಅಡ್ಡ. ಮೋಡ ಆಚೆಗೆ ದಾಟೋದೇ ಕಡಿಮೆ. ಸ್ಪಿತಿ ನದಿ ಸಟ್ಲೆಜ್ ನದಿಗೆ ಸೇರುವ ಖಾಬ್ ಎಂಬಲ್ಲಿ ಸೇತುವೆ ದಾಟಿದರೆ ಹಸಿರು ಮುಗೀತು ಅಂತಲೇ ಲೆಕ್ಕ. ಆಮೇಲೆ ಬರೀ ಬೋಳು ಬೆಟ್ಟ, ಕಲ್ಲು, ಮಣ್ಣು, ಚಳಿ. ಆ ದಾರಿಯಲ್ಲಿ ನಾನು ಹೋಗಿ ಬಂದವನು. ಬೈಕಿನಲ್ಲಲ್ಲ, ಸರ್ಕಾರಿ ಬಸ್ಸಿನಲ್ಲಿ. ಅದಕ್ಕೇ ನನ್ನನ್ನು ಹಿಡಿದದ್ದು.

ಹುಡುಗ ಅಂಗಡಿಯೊಳಗಿಂದ ಒಂದು ಹಾಳೆ ತಂದ. ಇಬ್ಬರು ಹುಡುಗರು, ಎರಡು ಬೈಕು. ಚಂಡೀಗಢದವರೆಗೆ ರೈಲಿನಲ್ಲಿ ಪಾರ್ಸೆಲ್. ಅಲ್ಲಿಂದ ಮನಾಲಿ. ಮಾರನೇ ದಿನ ಬೆಳಿಗ್ಗೆ ಹೊರಟು ಕುಂಜುಮ್ ಕಣಿವೆದಾರಿ ಹತ್ತಿ ಇಳಿದು, ರಾತ್ರಿ ಊಟಕ್ಕೆ ಕಾಜಾ. "ಇನ್ನೂರು ಕಿಲೋಮೀಟರ್ ಅಂಕಲ್. ಮಡಿಕೇರಿಗೆ ಹೋಗಿ ಬರೋದಕ್ಕಿಂತ ಕಡಿಮೆ!"

ಎಡವಟ್ಟಾಗೋದು ಇಲ್ಲೇ ನೋಡಿ. ಬೆಟ್ಟದಲ್ಲಿ ಕಿಲೋಮೀಟರ್ ಲೆಕ್ಕ ಎರಡನೆಯದು. ಮೊದಲ ಲೆಕ್ಕ ಮೀಟರ್‌ನದು, ಅಂದ್ರೆ ಎತ್ತರದ್ದು. ಮನಾಲಿ ಸುಮಾರು 2,000 ಮೀಟರ್. ಕುಂಜುಮ್ 4,500 ಮೀಟರ್‌ಗೂ ಮೇಲೆ. ಕಾಜಾ ಹತ್ತಿರ ಹತ್ತಿರ 3,700. ನಮ್ಮ ರಾಜ್ಯಕ್ಕೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಅಷ್ಟೆ. ಅದರ ಸುಮಾರು ಎರಡರಷ್ಟು ಎತ್ತರದಲ್ಲಿ ಮೊದಲ ದಿನವೇ ಮಲಗಲು ಹೊರಟಿದ್ದಾರೆ ಈ ಧೀರರು!

ಗಾಳಿ ತೆಳುವಾದಾಗ ದೇಹ ಹೊಂದಿಕೊಳ್ಳಲು ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಮಲಗುವ ಎತ್ತರ 500 ಮೀಟರ್‌ಗಿಂತ ಹೆಚ್ಚಾಗಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎನ್ನುತ್ತಾರೆ ವೈದ್ಯರು. ಮೀರಿದರೆ ತಲೆನೋವು, ವಾಂತಿ, ನಿದ್ದೆ ಇಲ್ಲದಿರುವುದು. ಅದನ್ನೂ ಕಡೆಗಣಿಸಿದರೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿ ಪ್ರಾಣವೇ ಹೋಗಬಹುದು. ವಯಸ್ಸು ಇಪ್ಪತ್ತೆರಡು, ದಿನಾ ಜಿಮ್‌ಗೆ ಹೋಗ್ತೀನಿ ಅಂದರೆ ಬೆಟ್ಟ ಕೇಳೋದಿಲ್ಲ.

ಹಾಗಾದರೆ ದಾರಿ? ಹಾಳೆ ತಿರುಗಿಸಿ, ಇನ್ನೊಂದು ತುದಿಯಿಂದ ಹೊರಡಿ ಅಂದೆ. ಶಿಮ್ಲಾ ಕಡೆಯಿಂದ. ಮೊದಲ ರಾತ್ರಿ ನಾರ್ಕಂಡಾ. ಅಲ್ಲಿಂದ ಹೆದ್ದಾರಿ ಬಿಟ್ಟು ಬಾಘಿ, ಖದ್ರಾಲಾ ಮೇಲೆ ಸೇಬಿನ ತೋಟ, ದೇವದಾರು ಕಾಡಿನ ನಡುವೆ ಸಾಗುವ ಒಳದಾರಿ ಇದೆ. ನಿಧಾನ, ಆದರೆ ಕಣ್ಣಿಗೆ ಹಬ್ಬ. ಆಮೇಲೆ ಇಳಿದರೆ ಸಟ್ಲೆಜ್ ದಡದ ರಾಂಪುರ. ನಮ್ಮ ಚಾಮುಂಡಿ ಬೆಟ್ಟದ ತುದಿಯಷ್ಟೇ ಎತ್ತರ ಅದು! ಎರಡನೇ ರಾತ್ರಿಗೆ ಸರಾಹನ್. ಮೂರು, ನಾಲ್ಕನೇ ರಾತ್ರಿ ಕಲ್ಪಾ. ಎದುರಿಗೇ ಕಿನ್ನರ ಕೈಲಾಸ, ಸುಮ್ಮನೆ ಕೂತು ನೋಡಿ. ಐದನೇ ದಿನ 3,600 ಮೀಟರ್ ಎತ್ತರದ ನಾಕೋದಲ್ಲಿ ಮಧ್ಯಾಹ್ನದ ಊಟ, ರಾತ್ರಿ ನಿದ್ದೆಗೆ ಮಾತ್ರ 3,280 ಮೀಟರ್‌ನ ತಾಬೋ. ಹತ್ತಿ ಇಳಿದು ಮಲಗಬೇಕು, ಗುಟ್ಟು ಅದೇ. ಕ್ರಿ.ಶ. 996ರಲ್ಲಿ ಕಟ್ಟಿದ ಮಣ್ಣಿನ ಬೌದ್ಧ ವಿಹಾರ ಅಲ್ಲಿ ಇನ್ನೂ ನಿಂತಿದೆ. ಆಮೇಲೆ ಎರಡು ರಾತ್ರಿ ಕಾಜಾ. ಎಲ್ಲ ಸರಿ ಇದ್ದರೆ ಮಾತ್ರ ಕುಂಜುಮ್, ಅಲ್ಲಿಂದ 2020ರಲ್ಲಿ ತೆರೆದ ಅಟಲ್ ಸುರಂಗದ ಮೂಲಕ ಮನಾಲಿ.

"ಅಂಕಲ್, ನನಗೆ ರಜಾ ಎಂಟೇ ದಿನ" ಅಂದ ಹುಡುಗ. ಹಾಗಾದರೆ ತಾಬೋ ನೋಡಿಕೊಂಡು ಬಂದ ದಾರಿಯಲ್ಲೇ ವಾಪಸ್ ಬಾ ಅಂದೆ. ಮುಖ ಸಪ್ಪಗಾಯಿತು.

ತಂದೆಯವರ ಪ್ರಶ್ನೆ ಬೇರೆ. "ಗುಡ್ಡ ಕುಸಿತ ಸಾರ್?" ಸುಳ್ಳು ಸಮಾಧಾನ ಹೇಳೋದಕ್ಕಾಗುತ್ತಾ? 2021ರ ಆಗಸ್ಟ್ 11ರಂದು ಇದೇ ಕಿನ್ನೌರ್ ದಾರಿಯ ನಿಗುಲ್‌ಸರಿಯಲ್ಲಿ ಗುಡ್ಡ ಜಾರಿ ಸರ್ಕಾರಿ ಬಸ್ಸು, ಬೇರೆ ವಾಹನಗಳು ಮಣ್ಣಿನಡಿ ಸೇರಿದವು. ಸತ್ತವರು 28 ಮಂದಿ. ಅವರಲ್ಲಿ ಹಲವರು ನಮ್ಮ ನಿಮ್ಮ ಹಾಗೆ ಟಿಕೆಟ್ ತಗೊಂಡು ಬಸ್ಸಿನಲ್ಲಿ ಕೂತಿದ್ದವರು. ಆದ್ದರಿಂದ ಜುಲೈ, ಆಗಸ್ಟ್ ಬೇಡವೇ ಬೇಡ. ಮಳೆ ಹಿಂತಿರುಗುವ ಸೆಪ್ಟೆಂಬರ್ ಕೊನೆ ಒಳ್ಳೆಯದು. ಆಗಲೂ ಜೇಬಿನಲ್ಲಿ ಎರಡು ದಿನ ಖಾಲಿ ಇಟ್ಟುಕೊಂಡೇ ಹೊರಡಬೇಕು. ದಾರಿ ಕಟ್ಟಿದರೆ ಕಾಯೋದಕ್ಕೆ.

ಉಳಿದದ್ದು ಅಂಗಡಿ ಲೆಕ್ಕ. ರೈಲಿಗೆ ಹಾಕುವ ಮುನ್ನ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಬೇಕು. ರೆಕಾಂಗ್ ಪಿಯೋ ಬಳಿ ಟ್ಯಾಂಕ್ ತುಂಬಿಸಿ, ಮುಂದೆ ಕಾಜಾದಲ್ಲೇ ಬಂಕ್ ಅಂದುಕೊಂಡು ಹೊರಡಿ. 1996ರಲ್ಲಿ ಬಾಗಿಲು ಹಾಕಿದ ನಮ್ಮೂರ ಕಾರ್ಖಾನೆಯ ಯೆಜ್ಡಿಗೆ ಕಾರ್ಬುರೇಟರ್. ಮೇಲೆ ಗಾಳಿ ಕಡಿಮೆಯಾದಾಗ ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಉಸಿರುಕಟ್ಟುತ್ತೆ. ಜೆಟ್ ಬದಲಿಸೋದನ್ನ ಮೆಕ್ಯಾನಿಕ್ ಹತ್ತಿರ ಇಲ್ಲೇ ಕಲಿತುಕೊಳ್ಳಿ. ಕ್ಲಚ್ ಕೇಬಲ್, ಟ್ಯೂಬು ಜತೆಗಿರಲಿ. ಹಿಮ ಕರಗಿ ಹರಿಯುವ ಹಳ್ಳಗಳನ್ನು ಬೆಳಿಗ್ಗೆಯೇ ದಾಟಿ, ಮಧ್ಯಾಹ್ನದ ಬಿಸಿಲಿಗೆ ನೀರು ಏರುತ್ತೆ. ಕಡಿದಾದ ದಾರಿಯಲ್ಲಿ ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು. ನಿಮಗದು ಮೋಜಿನ ದಾರಿ, ಅಲ್ಲಿಯವರಿಗೆ ಆಸ್ಪತ್ರೆಗೂ ಸ್ಕೂಲಿಗೂ ಇರೋದು ಅದೊಂದೇ.

ನಿನ್ನೆ ಅಂಗಡಿ ಮುಂದೆ ಹಾದಾಗ ಇಣುಕಿದೆ. ಗೋಡೆಯ ಕ್ಯಾಲೆಂಡರ್ ಪಕ್ಕ ಹೊಸ ಹಾಳೆ. ಕಿಲೋಮೀಟರ್ ಹೊಡೆದು ಹಾಕಿ ಪ್ರತಿ ರಾತ್ರಿಯ ಊರು, ಅದರ ಎತ್ತರ ಬರೆದಿದ್ದಾನೆ. ರಜಾ ಹನ್ನೆರಡು ದಿನಕ್ಕೆ ಏರಿದೆ. ನಾಲ್ಕು ದಿನ ಸಂಬಳ ಕಟ್ ಅಂತೆ. "ಬಿಡಬೇಡ ಅಂತ ಹೇಳಿಸೋಕೆ ನಿಮ್ಮನ್ನ ಕರೆದರೆ, ದಾರಿ ತೋರಿಸಿ ಹೋದ್ರಲ್ಲ ಸಾರ್!" ಅಂದರು ಯಜಮಾನರು. ಕೋಪ ಇರಲಿಲ್ಲ. ಕೈಯಲ್ಲಿ ಯೆಜ್ಡಿಯ ಹಳೇ ಕ್ಲಚ್ ಕೇಬಲ್ ಹಿಡಿದು, ಅಳತೆಗೆ ಹೊಸದು ಹುಡುಕುತ್ತಿದ್ದರು.