ನಮ್ಮ ಬ್ಯಾಗ್ ಹೊರೋನಿಗೂ ಉಸಿರು ಬೇಕಲ್ವಾ?

ಪ್ರತಿ ವರ್ಷ ಗಣಪತಿ ಹಬ್ಬ ಮುಗೀತೂಂದ್ರೆ ನನ್ನ ಫೋನಿಗೆ ಒಂದೇ ಥರದ ಮೆಸೇಜ್ ಬರೋಕೆ ಶುರುವಾಗುತ್ತೆ. "ನೀವು ನೇಪಾಳಕ್ಕೆ ಹೋಗಿದ್ರಲ್ಲ ಸರ್, ಎವರೆಸ್ಟ್ ಬೇಸ್ ಕ್ಯಾಂಪ್ ಹತ್ತು ದಿನದಲ್ಲಿ ಮುಗಿಸಬಹುದಾ?" ಕೇಳೋರಲ್ಲಿ ಕಾಲೇಜು ಹುಡುಗರಿದ್ದಾರೆ, ಐಟಿ ಕಂಪನಿಯವರಿದ್ದಾರೆ, ನಿವೃತ್ತಿಯಾದ ಮೇಷ್ಟ್ರೂ ಇದ್ದಾರೆ. ಎಲ್ಲರಿಗೂ ರಜೆಯದ್ದೇ ಲೆಕ್ಕ. ಇವತ್ತು ಆ ಲೆಕ್ಕಕ್ಕೆ ಉತ್ತರ ಹೇಳ್ತೀನಿ. ಜೊತೆಗೆ ಇದುವರೆಗೆ ನನ್ನನ್ನ ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳ್ತೀನಿ. ನಮ್ಮ ಬ್ಯಾಗ್ ಹೊರೋನು ಯಾರು?

ನೇಪಾಳ ನಮಗೆ ಪರದೇಶ ಅನ್ನಿಸೋದೇ ಇಲ್ಲ. ವೀಸಾ ಬೇಡ. ನಮ್ಮ ನೂರು ರೂಪಾಯಿಗೆ ಅಲ್ಲಿನ ನೂರಾ ಅರವತ್ತು ರೂಪಾಯಿ. ಕಠ್ಮಂಡುವಿನ ಪಶುಪತಿನಾಥ ದೇವಸ್ಥಾನಕ್ಕೆ ಹೋದ್ರೆ ಗರ್ಭಗುಡಿಯಲ್ಲಿ ಪೂಜೆ ಮಾಡೋರು ನಮ್ಮ ಕರ್ನಾಟಕ ಮೂಲದ ಭಟ್ಟರು. ಇಷ್ಟೆಲ್ಲ ನೋಡಿದ ಮೇಲೆ ಬೆಟ್ಟವೂ ನಮ್ಮದೇ, ನಮ್ಮ ಚಾರ್ಮಾಡಿ, ಕುದುರೆಮುಖದ ಥರಾನೇ ಅನ್ನೋ ಧೈರ್ಯ ಬಂದುಬಿಡುತ್ತೆ. ತಪ್ಪು ಶುರುವಾಗೋದೇ ಅಲ್ಲಿ.

ಲೆಕ್ಕ ನೋಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್. ಬೇಸ್ ಕ್ಯಾಂಪ್‌ಗೆ ನಡಿಗೆ ಶುರುವಾಗೋ ಲುಕ್ಲಾ ಊರೇ 2,800 ಮೀಟರ್ ದಾಟಿದೆ. ಅಂದ್ರೆ ವಿಮಾನದಿಂದ ಕಾಲು ಕೆಳಗಿಡುವಾಗಲೇ ನಾವು ಮುಳ್ಳಯ್ಯನಗಿರಿಗಿಂತ ಮೇಲಿರ್ತೀವಿ. ಅಲ್ಲಿಂದ ನಾಮ್ಚೆ ಬಜಾರ್ 3,440 ಮೀಟರ್, ತೆಂಗ್‌ಬೋಚೆ 3,867, ಡಿಂಗ್‌ಬೋಚೆ 4,410, ಲೋಬುಚೆ 4,940, ಕೊನೆಗೆ ಬೇಸ್ ಕ್ಯಾಂಪ್ 5,364.

ಮೇಲೆ ಹೋದಂಗೆ ಆಮ್ಲಜನಕ ಕಮ್ಮಿಯಾಗುತ್ತೆ ಅಂತೀವಿ. ಎಂಜಿನಿಯರಿಂಗ್ ಓದಿದವನಾಗಿ ಒಂದು ತಿದ್ದುಪಡಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದ್ರೂ ಸುಮಾರು 21 ಪರ್ಸೆಂಟೇ. ಕಮ್ಮಿಯಾಗೋದು ಗಾಳಿಯ ಒತ್ತಡ. ಬೇಸ್ ಕ್ಯಾಂಪಿನಲ್ಲಿ ಆ ಒತ್ತಡ ಸಮುದ್ರ ಮಟ್ಟದ ಹೆಚ್ಚುಕಮ್ಮಿ ಅರ್ಧ. ಹಾಗಾಗಿ ಅಷ್ಟೇ ಉಸಿರೆಳೆದರೂ ಒಳಗೆ ಹೋಗೋ ಆಮ್ಲಜನಕ ಅರ್ಧವೇ. ಮಂಗಳೂರಲ್ಲಿ ಒಂದು ಉಸಿರಿಗೆ ಸಿಗೋದು ಅಲ್ಲಿ ಎರಡು ಉಸಿರಿಗೆ.

ದೇಹ ಇದಕ್ಕೆ ಹೊಂದಿಕೊಳ್ಳುತ್ತೆ, ಆದ್ರೆ ಅದಕ್ಕೆ ಟೈಮ್ ಬೇಕು. ಮೊದಲು ಉಸಿರಾಟ ಜೋರಾಗುತ್ತೆ. ಜೋರಾದಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತದ ಸಮತೋಲ ತಪ್ಪುತ್ತೆ. ಅದನ್ನ ಸರಿಮಾಡೋಕೆ ಮೂತ್ರಪಿಂಡಗಳಿಗೆ ಕೆಲವು ದಿನ ಬೇಕು. ಕೆಂಪು ರಕ್ತಕಣ ಹೆಚ್ಚೋಕೆ ವಾರಗಳೇ ಬೇಕು. ಇದಕ್ಕೆಲ್ಲ ಪುರುಸೊತ್ತು ಕೊಡದೆ ಹತ್ತಿದ್ರೆ ತಲೆನೋವು, ವಾಕರಿಕೆ, ನಿದ್ದೆ ಬಾರದೆ ಒದ್ದಾಟ. ಆಗಲೂ ನಿಲ್ಲದೆ ಹತ್ತಿದ್ರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಬಹುದು. ಇವೆರಡೂ ಜೀವ ತೆಗೆಯೋ ಕಾಯಿಲೆಗಳು. ಜಿಮ್‌ಗೆ ಹೋಗ್ತೀನಿ, ಮ್ಯಾರಥಾನ್ ಓಡ್ತೀನಿ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಚೆನ್ನಾಗಿ ಓಡೋನು ಬೇಗ ಮೇಲೆ ಹೋಗಿ ಬೇಗ ಬೀಳಬಹುದು, ಅಷ್ಟೆ.

ಅದಕ್ಕೇ ವೈದ್ಯರು ಹೇಳೋ ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗೋ ಜಾಗದ ಎತ್ತರವನ್ನ ದಿನಕ್ಕೆ 500 ಮೀಟರಿಗಿಂತ ಏರಿಸಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಊರಲ್ಲಿ ಎರಡು ರಾತ್ರಿ ಇರಿ. ಲಕ್ಷಣ ಕಂಡ್ರೆ ಮೇಲೆ ಹೋಗಬೇಡಿ. ಜಾಸ್ತಿಯಾದ್ರೆ ಇಳೀರಿ, ಬೆಳಗಾಗಲಿ ಅಂತ ಕಾಯಬೇಡಿ. ಈ ಲೆಕ್ಕದಲ್ಲಿ ಲುಕ್ಲಾದಿಂದ ಮೇಲೆ ಹೋಗೋಕೇ ಎಂಟು ದಿನ. ಇಳಿಯೋಕೆ ಮೂರು ನಾಲ್ಕು ದಿನ. ಮೋಡ ಕವಿದ್ರೆ ಲುಕ್ಲಾ ವಿಮಾನ ಹಾರಲ್ಲ, ಅದಕ್ಕೆ ಒಂದೆರಡು ದಿನ ಕೈಯಲ್ಲಿರಲಿ. ಹತ್ತು ದಿನದಲ್ಲಿ ಮುಗಿಸಬಹುದಾ ಅಂತ ಕೇಳೋರಿಗೆ ನನ್ನ ಉತ್ತರ, ಬೇಡ.

ಈಗ ಎರಡನೇ ಪ್ರಶ್ನೆ.

ಬೆಟ್ಟದಲ್ಲಿ ಹೊರೆ ಹೊರೋರನ್ನೆಲ್ಲ ನಾವು ಶೆರ್ಪಾ ಅಂತ ಕರೀತೀವಿ. ನಮ್ಮ ಸುದ್ದಿಯಲ್ಲೂ ಹಾಗೇ ಓದಿದ್ದೀವಿ. ಆದ್ರೆ ಶೆರ್ಪಾ ಅನ್ನೋದು ಕೆಲಸದ ಹೆಸರಲ್ಲ, ಒಂದು ಜನಾಂಗದ ಹೆಸರು. ಪೂರ್ವದ ಕಡೆಯವರು ಅಂತ ಅದರ ಅರ್ಥ. ನೂರಾರು ವರ್ಷದ ಹಿಂದೆ ಟಿಬೆಟ್ ಕಡೆಯಿಂದ ಬಂದು ಈ ಕಣಿವೆಗಳಲ್ಲಿ ನೆಲೆಸಿದವರು. ತಲೆತಲಾಂತರದಿಂದ ಎತ್ತರದಲ್ಲೇ ಬದುಕಿದ್ದರಿಂದ ಅವರ ದೇಹ ಆ ಗಾಳಿಗೆ ಒಗ್ಗಿಕೊಂಡಿದೆ. ನಾವು ನಡೆಯೋ ದಾರಿಯೂ ನಮಗಾಗಿ ಮಾಡಿದ್ದಲ್ಲ. ಟಿಬೆಟಿನ ಉಪ್ಪು ಇಳಿದು, ತಗ್ಗಿನ ಧಾನ್ಯ ಹತ್ತಿಕೊಂಡು ಹೋದ ವ್ಯಾಪಾರದ ದಾರಿ ಅದು. ಜಿಮ್ಮಿ ರಾಬರ್ಟ್ಸ್ ಅನ್ನೋ ನಿವೃತ್ತ ಸೇನಾಧಿಕಾರಿ 1964ರಲ್ಲಿ ನೇಪಾಳದ ಮೊದಲ ಟ್ರೆಕ್ಕಿಂಗ್ ಕಂಪನಿ ಶುರುಮಾಡಿದ ಮೇಲೆ ನಮ್ಮಂಥೋರು ಬರೋಕೆ ಶುರುವಾದ್ವಿ.

ಇವತ್ತು ಅದೇ ದಾರಿಯಲ್ಲಿ ನಮ್ಮ ಬ್ಯಾಗ್ ಹೊರೋರು ಬಹುತೇಕ ಶೆರ್ಪಾಗಳಲ್ಲ. ಕೆಳಗಿನ ಗುಡ್ಡಗಾಡಿನ ರಾಯ್, ತಮಾಂಗ್, ಮಗರ್ ಸಮುದಾಯದ ರೈತರು, ಕೂಲಿಕಾರರು. ಗದ್ದೆ ಕೆಲಸ ಇಲ್ಲದಾಗ ಬರ್ತಾರೆ. ಡೋಕೊ ಅನ್ನೋ ಬಿದಿರಿನ ಬುಟ್ಟಿ, ಅದನ್ನ ಹಣೆಗೆ ತಗುಲಿಸೋ ನಾಮ್ಲೊ ಅನ್ನೋ ಪಟ್ಟಿ. ಪೂರ್ತಿ ಭಾರ ಹಣೆ ಮತ್ತು ಕತ್ತಿನ ಮೇಲೆ. ಅಂಗಡಿ ಸಾಮಾನು ಸಾಗಿಸೋ ಗಂಡಸರು ಸರಾಸರಿ ತಮ್ಮ ಮೈತೂಕದ 93 ಪರ್ಸೆಂಟಿನಷ್ಟು ಹೊರ್ತಾರೆ ಅಂತ 2005ರಲ್ಲಿ ವಿಜ್ಞಾನಿಗಳು ಅಳೆದು ತೋರಿಸಿದ್ರು. ಅವರು ಅದನ್ನ ಹೊರೋ ಗುಟ್ಟು ಏನು? ನಿಧಾನ. ಏರಿನಲ್ಲಿ ಸ್ವಲ್ಪ ನಡೆಯೋದು, ಊರುಗೋಲಿಗೆ ಬುಟ್ಟಿ ಆನಿಸಿ ನಿಲ್ಲೋದು, ಮತ್ತೆ ನಡೆಯೋದು. ಕೆಳಗಿನ ಹಳ್ಳಿಗಳ ದಾರಿಯಲ್ಲಿ ಇವರಿಗಾಗಿ ಚೌತಾರಿ ಅಂತ ಕಟ್ಟೆಗಳಿವೆ. ಅಶ್ವತ್ಥ, ಆಲ ಎರಡನ್ನೂ ನೆಟ್ಟು, ಹೊರೆ ಇಳಿಸೋಕೆ ಸರಿಯಾದ ಎತ್ತರಕ್ಕೆ ಕಲ್ಲು ಕಟ್ಟಿರ್ತಾರೆ. ತೀರಿಕೊಂಡವರ ಹೆಸರಲ್ಲಿ ಪುಣ್ಯಕ್ಕೆ ಅಂತ ಕಟ್ಟಿಸೋ ವಾಡಿಕೆಯೂ ಇದೆ. ನಮ್ಮ ಅರಳಿಕಟ್ಟೆ ನೆನಪಾಗುತ್ತೆ.

ಕೆಲವು ವರ್ಷದ ಹಿಂದೆ ಒಂದು ಅಕ್ಟೋಬರ್‌ನಲ್ಲಿ ನಾನು, ನನ್ನ ಎಂಜಿನಿಯರಿಂಗ್ ಗೆಳೆಯ ಇಬ್ಬರೂ ಹೋಗಿದ್ವಿ. ಒಬ್ಬ ಶೆರ್ಪಾ ಗೈಡ್, ಇಬ್ಬರ ಬ್ಯಾಗಿಗೂ ಸೇರಿ ಒಬ್ಬನೇ ಪೋರ್ಟರ್. ಇಪ್ಪತ್ತೆರಡು ವರ್ಷದ ರಾಯ್ ಹುಡುಗ. ನನ್ನ ಬ್ಯಾಗಲ್ಲಿ ಏನೇನಿತ್ತು ಗೊತ್ತಾ? ವಿಡಿಯೋ ಮಾಡೋಕೆ ಟ್ರೈಪಾಡ್, ಮೂರು ಪವರ್ ಬ್ಯಾಂಕ್, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಕೋಡುಬಳೆ. ತೂಕ ಎಷ್ಟು ಅಂತ ನಾನು ನೋಡಿರಲೇ ಇಲ್ಲ, ಹೊರೋನು ನಾನಲ್ವಲ್ಲ.

ನಾವು ನಿಯಮ ಪಾಲಿಸಿದ್ವಿ. ನಾಮ್ಚೆಯಲ್ಲಿ ಎರಡು ರಾತ್ರಿ, ಡಿಂಗ್‌ಬೋಚೆಯಲ್ಲಿ ಎರಡು ರಾತ್ರಿ. ಗೈಡ್ ದಿನಾ ಬೆಳಿಗ್ಗೆ ನಮ್ಮಿಬ್ಬರನ್ನ ಕೇಳ್ತಿದ್ದ, ತಲೆನೋವಿದೆಯಾ, ಊಟ ಸೇರುತ್ತಾ ಅಂತ. ದಾರಿಯುದ್ದಕ್ಕೂ ಒಂದೇ ಮಾತು, "ಬಿಸ್ತಾರೈ, ಬಿಸ್ತಾರೈ". ನಿಧಾನ, ನಿಧಾನ. ಹುಡುಗ ಡಿಂಗ್‌ಬೋಚೆಯಿಂದಲೇ ಕೆಮ್ಮುತ್ತಿದ್ದ. ನನಗೆ ಕೇಳಿಸಿತ್ತು. ಗೈಡ್ ವಿಚಾರಿಸಿದಾಗ ಬರೀ ಶೀತ ಅಂದುಬಿಟ್ಟ. ಬೆಟ್ಟದ ಹುಡುಗ, ಇವನಿಗೇನಾಗುತ್ತೆ ಅಂತ ನಾನೂ ಸುಮ್ಮನಾದೆ.

ಲೋಬುಚೆಯಲ್ಲಿ ಸಂಜೆ ಎಲ್ಲರೂ ಒಲೆ ಸುತ್ತ ಕೂತಿದ್ವಿ. ಮರುದಿನ ಬೇಸ್ ಕ್ಯಾಂಪ್. ಹುಡುಗ ಊಟಕ್ಕೆ ಬರಲಿಲ್ಲ. ಗೈಡ್ ನೋಡಿಕೊಂಡು ಬಂದವನು ನಮ್ಮನ್ನೂ ಕರೆದ. ಹುಡುಗನಿಗೆ ಕೂತಲ್ಲೇ ಏದುಸಿರು. ತುಟಿ ನೀಲಿ. ಎದೆಯಲ್ಲಿ ನೀರು ಕುದಿಯೋ ಥರ ಸದ್ದು. "ಈಗಲೇ ಇಳಿಸಬೇಕು" ಅಂದ ಗೈಡ್.

ಆ ಕ್ಷಣ ನನ್ನ ತಲೆಗೆ ಮೊದಲು ಬಂದ ಯೋಚನೆಯನ್ನ ನಿಮ್ಮ ಮುಂದೆ ಮುಚ್ಚಿಡಲ್ಲ. ನಾಳೆ ನಮ್ಮ ಬ್ಯಾಗ್ ಯಾರು ಹೊರ್ತಾರೆ? ಬೆಳಿಗ್ಗೆ ಕೆಳಗೆ ಹೋಗೋ ಯಾರ ಜೊತೆಗಾದ್ರೂ ಕಳಿಸೋಣ ಅಂತ ನನ್ನ ಗೆಳೆಯ ಅಂದ, ನಾನು ಬೇಡ ಅನ್ನಲಿಲ್ಲ. ಗೈಡ್ ದನಿ ಏರಿಸಲಿಲ್ಲ. "ದಾಇ, ನಿಮಗೆ ಹೀಗಾಗಿದ್ರೆ ನಾನು ಬೆಳಿಗ್ಗೆವರೆಗೂ ಕಾಯ್ತಿದ್ನಾ?" ಅಂತ ಕೇಳಿದ. ದಾಇ ಅಂದ್ರೆ ಅಣ್ಣ.

ಲಾಡ್ಜಿನವರ ಕುದುರೆ ಮೇಲೆ ಹುಡುಗನನ್ನ ಕೂರಿಸಿ, ಹೆಡ್‌ಲೈಟ್ ಕಟ್ಟಿಕೊಂಡು ಎಲ್ಲರೂ ಇಳಿದ್ವಿ. ನನ್ನ ಬ್ಯಾಗ್ ನನ್ನ ಬೆನ್ನ ಮೇಲೆ. ಐದು ನಿಮಿಷಕ್ಕೆ ಭುಜ ಕಿತ್ತುಬಂದಂಗಾಯ್ತು. ಕೆಳಗೆ ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಅನ್ನೋ ಸಂಸ್ಥೆಯ ಚಿಕಿತ್ಸಾಲಯವಿದೆ. 1973ರಲ್ಲಿ ಹುಟ್ಟಿದ ಸಂಸ್ಥೆ, ಟ್ರೆಕ್ಕಿಂಗ್ ಸೀಸನ್‌ನಲ್ಲಿ ಅಲ್ಲಿ ವೈದ್ಯರಿರ್ತಾರೆ. ರಾತ್ರಿಯಿಡೀ ಹುಡುಗನಿಗೆ ಆಮ್ಲಜನಕ ಕೊಟ್ರು. ಶ್ವಾಸಕೋಶಕ್ಕೆ ನೀರು ಸೇರಿತ್ತು. ಲೋಬುಚೆಯಲ್ಲೇ ಬೆಳಗು ಮಾಡಿದ್ರೆ ಉಳೀತಿದ್ನೋ ಇಲ್ವೋ ಅಂದ್ರು ವೈದ್ಯರು.

ಬೆಳಿಗ್ಗೆ ಹುಡುಗ ಮಾತಾಡೋ ಸ್ಥಿತಿಗೆ ಬಂದ. ಗೈಡ್ ಮೂಲಕ ನನ್ನನ್ನ ಒಂದೇ ಒಂದು ಪ್ರಶ್ನೆ ಕೇಳಿದ. "ಉಳಿದ ದಿನದ ಕೂಲಿ ಕಟ್ ಆಗುತ್ತಾ?"

ಕೆಮ್ಮನ್ನ ಎರಡು ದಿನ ಮುಚ್ಚಿಟ್ಟಿದ್ದು ಇದಕ್ಕೇ. ಅವನದು ದಿನಗೂಲಿ, ಕಾಯಿಲೆ ಅಂದ್ರೆ ಆ ದಿನಕ್ಕೆ ಕೂಲಿ ಇಲ್ಲ. ನನಗೆ ತಲೆನೋವು ಬಂದಿದ್ರೆ ರಜೆ ಹಾಳಾಗ್ತಿತ್ತು, ಅವನಿಗೆ ಮನೆಯ ಅಕ್ಕಿಯ ಲೆಕ್ಕ ತಪ್ಪುತ್ತಿತ್ತು. ಅವನ ಊರೆಲ್ಲಿ ಅಂತ ಆಮೇಲೆ ಕೇಳಿದೆ. ನಮ್ಮ ಮುಳ್ಳಯ್ಯನಗಿರಿಗಿಂತ ತಗ್ಗಿನಲ್ಲಿದೆ ಅದು! ಎತ್ತರಕ್ಕೆ ಅವನೂ ನನ್ನಷ್ಟೇ ಹೊಸಬ. ಮೇಲಾಗಿ ಬೆನ್ನ ಮೇಲೆ ಎರಡು ಬ್ಯಾಗ್, ಮೈಮೇಲೆ ತೆಳು ಜಾಕೆಟ್. ಎತ್ತರದ ಕಾಯಿಲೆಗೆ ಶ್ರಮ, ಚಳಿ ಎರಡೂ ಸೇರಿದ್ರೆ ಅಪಾಯ ಇನ್ನೂ ಜಾಸ್ತಿ. ಪೂರ್ತಿ ಕೂಲಿ ಕೊಟ್ವಿ. ಅದನ್ನ ಉಪಕಾರ ಅಂತ ಹೇಳಿಕೊಳ್ಳೋಕೆ ನನಗೆ ಬಾಯಿಲ್ಲ.

ನಾನು ಬೇಸ್ ಕ್ಯಾಂಪ್ ನೋಡಲಿಲ್ಲ. ಆಫೀಸಲ್ಲಿ ಇವತ್ತಿಗೂ ಅದೊಂದು ತಮಾಷೆ.

ವಾಪಸ್ ಬಂದ ಮೇಲೆ ಹಳೇ ಸುದ್ದಿಗಳು ಬೇರೆ ಥರ ಕಾಣೋಕೆ ಶುರುವಾದ್ವು. 2014ರ ಅಕ್ಟೋಬರ್ 12ಕ್ಕೆ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿಯಿತು. ಅದರ ಬಾಲವೇ ಎರಡು ದಿನದಲ್ಲಿ ನೇಪಾಳದ ಅನ್ನಪೂರ್ಣ ಪ್ರದೇಶ ತಲುಪಿ, 5,416 ಮೀಟರ್ ಎತ್ತರದ ಥೊರಾಂಗ್ ಲಾ ಕಣಿವೆದಾರಿಯ ಸುತ್ತಮುತ್ತ ಹಿಮಪಾತವಾಗಿ 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ವಿದೇಶಿ ಚಾರಣಿಗರಷ್ಟೇ ಅಲ್ಲ, ನೇಪಾಳದ ಗೈಡ್‌ಗಳು, ಪೋರ್ಟರ್‌ಗಳೂ ಇದ್ದರು. ಇನ್ನು 2024ರ ಜೂನ್ ನಾವ್ಯಾರೂ ಮರೆಯೋ ಹಾಗಿಲ್ಲ. ನಮ್ಮದೇ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹವಾಮಾನ ಕೆಟ್ಟು, ಕರ್ನಾಟಕದಿಂದ ಹೋದ 9 ಮಂದಿ ಜೀವ ಕಳ್ಕೊಂಡ್ರು. ಬೆಟ್ಟದಲ್ಲಿ ತಾರೀಖು ಹಿಡಿದುಕೊಂಡು ನಡೆಯೋಕಾಗಲ್ಲ. ಒಂದು ದಿನ ಕಾಯೋಕೆ, ಒಂದು ದಿನ ಹಿಂದಿರುಗೋಕೆ ಜಾಗ ಇಟ್ಕೊಂಡೇ ಹೋಗಬೇಕು.

ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಖಂಡಿತ ಹೋಗಿ. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲಿನ ಗೋಡೆಗಳು ಸಿಗ್ತವೆ, ನಮ್ಮ ಪ್ರದಕ್ಷಿಣೆಯ ಹಾಗೆ ಬಲಕ್ಕಿಟ್ಟುಕೊಂಡು ದಾಟಿ. ಭೂಕಂಪಕ್ಕೆ ಬಿದ್ದು, ಬೆಂಕಿಗೆ ಸುಟ್ಟು, ಮತ್ತೆ ಎದ್ದ ತೆಂಗ್‌ಬೋಚೆ ಮಠದಲ್ಲಿ ಸಂಜೆ ಕೂತ್ಕೊಳ್ಳಿ. ಖುಮ್ಜುಂಗ್ ಊರಿನ ನೆತ್ತಿಯ ಮೇಲೆ ಖುಂಬಿಲಾ ಬೆಟ್ಟವಿದೆ. ಅದು ಶೆರ್ಪಾಗಳ ದೇವರು, ಅದನ್ನ ಹತ್ತಲ್ಲ. ಜಗತ್ತಿನ ಅತಿ ಎತ್ತರದ ಶಿಖರ ಹತ್ತೋ ಜನ, ಮನೆ ಹಿಂದಿನ ಬೆಟ್ಟವನ್ನ ಕೈಮುಗಿದು ಬಿಟ್ಟಿದ್ದಾರೆ.

ಹೊರಡೋ ಮುಂಚೆ ಟ್ರೆಕ್ಕಿಂಗ್ ಕಂಪನಿಯವರಿಗೆ ರೇಟ್ ಎಷ್ಟು ಅಂತ ಕೇಳ್ತೀರಲ್ಲ, ಅದರ ಜೊತೆ ಇದನ್ನೂ ಕೇಳಿ. ಒಬ್ಬ ಪೋರ್ಟರ್‌ಗೆ ಎಷ್ಟು ಕೆಜಿ ಹೊರಿಸ್ತೀರಿ? ಅವನಿಗೆ ವಿಮೆ ಇದೆಯಾ? ಬೆಚ್ಚನೆ ಜಾಕೆಟ್, ಬೂಟು, ಮಲಗೋಕೆ ಜಾಗ ಯಾರು ಕೊಡ್ತಾರೆ? ಕಾಯಿಲೆ ಬಿದ್ರೆ ಕೂಲಿ ಕೊಡ್ತೀರಾ? ಅವನ ಜೊತೆ ಕೆಳಗೆ ಯಾರು ಇಳೀತಾರೆ? ಉತ್ತರ ಕೊಡೋಕೆ ತಡವರಿಸಿದ್ರೆ ಬೇರೆಯವರನ್ನ ನೋಡಿ. ಇನ್ನು ಬ್ಯಾಗನ್ನ ಮನೆಯಲ್ಲೇ ಒಮ್ಮೆ ತೂಕಕ್ಕಿಡಿ. ಆಮೇಲೆ ಬೆನ್ನಿಗೇರಿಸಿ ಮೂರು ಮಹಡಿ ಹತ್ತಿ ನೋಡಿ. ಟ್ರೈಪಾಡ್ ತಾನಾಗೇ ಹೊರಗೆ ಬರುತ್ತೆ.

ದಾರಿಯಲ್ಲಿ ಗೈಡ್ ದಿನಾ ಬೆಳಿಗ್ಗೆ ನಿಮ್ಮನ್ನ ತಲೆನೋವಿದೆಯಾ ಅಂತ ಕೇಳ್ತಾನೆ. ಉತ್ತರ ಹೇಳಿದ ಮೇಲೆ ಅದೇ ಪ್ರಶ್ನೆಯನ್ನ ನೀವು ನಿಮ್ಮ ಪೋರ್ಟರ್‌ಗೆ ಕೇಳಿ. ಕೂಲಿ ಕಟ್ ಆಗಲ್ಲ ಅಂತ ಹೇಳಿ, ಆಮೇಲೆ ಕೇಳಿ. ಆಗ ನಿಜ ಹೇಳ್ತಾನೆ.