ಸಣ್ಣ ಕಾರ್ಖಾನೆಯೂ ಇ.ಆರ್.ಪಿ.ಯ ಆಯ್ಕೆಯೂ

ಮೈಸೂರಿನ ವಿಜಯನಗರವನ್ನು ವಸತಿಯ ಬಡಾವಣೆಯೆಂದು ಮಾತ್ರವೇ ಬಲ್ಲವರಿಗೆ, ಅದಕ್ಕೆ ಹೊಂದಿಕೊಂಡಿರುವ ಹೆಬ್ಬಾಳ ಕೈಗಾರಿಕಾ ಪ್ರದೇಶವಾಗಲಿ, ಅಲ್ಲಿಂದಾಚೆಗೆ ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿಗಳವರೆಗೆ ಹಬ್ಬಿರುವ ಕಾರ್ಖಾನೆಗಳ ಸಾಲಾಗಲಿ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಈ ದಿಕ್ಕಿಗೆ ಬಂದ ಪರಸ್ಥಳದವರು ಇನ್ಫೋಸಿಸ್ಸಿನ ವಿಸ್ತಾರವಾದ ಆವರಣವನ್ನು ಕಂಡು ಬೆರಗಾಗಿ, ಗಣಕವಿದ್ಯೆಯೆಲ್ಲವೂ ಆ ಗೋಡೆಯೊಳಗೇ ನೆಲೆಸಿದೆಯೆಂದು ಭಾವಿಸಿ ಹಿಂದಿರುಗುವುದುಂಟು. ಆದರೆ ಇಪ್ಪತ್ತೋ ಐವತ್ತೋ ಮಂದಿ ದುಡಿಯುವ, ಲೇತು ತಿರುಗುವ, ಪ್ರೆಸ್ಸು ಬಡಿಯುವ, ಅಗರಬತ್ತಿ ಪ್ಯಾಕಾಗುವ ಸಣ್ಣ ಶೆಡ್ಡುಗಳ ಯಜಮಾನರನ್ನೂ ಈಗ ಗಣಕದ ಪ್ರಶ್ನೆಯೊಂದು ಕಾಡತೊಡಗಿದೆ: ನಮ್ಮಂಥವರಿಗೆ ಇ.ಆರ್.ಪಿ. ಬೇಕೆ? ಬೇಕಾದರೆ ಯಾವುದು?

ಇ.ಆರ್.ಪಿ. ಎಂಬುದರಲ್ಲಿ ಗಹನವಾದ ರಹಸ್ಯವೇನೂ ಇಲ್ಲ. ಖರೀದಿಯವರ ಬಳಿ ಒಂದು ಪುಸ್ತಕ, ಸ್ಟೋರಿನಲ್ಲಿ ಮತ್ತೊಂದು, ಉತ್ಪಾದನೆಯ ಮೇಸ್ತ್ರಿಯ ಕಿಸೆಯಲ್ಲಿ ಮೂರನೆಯದು, ಲೆಕ್ಕದ ಗುಮಾಸ್ತರ ಗಣಕದಲ್ಲಿ ನಾಲ್ಕನೆಯದು, ಹೀಗೆ ಹಂಚಿಹೋಗಿ ಒಂದಕ್ಕೊಂದು ತಾಳೆಯಾಗದ ದಾಖಲೆಗಳನ್ನು ಒಂದೇ ಭಂಡಾರದಲ್ಲಿರಿಸಿ, ಒಮ್ಮೆ ಒಬ್ಬರು ಬರೆದದ್ದನ್ನು ಉಳಿದವರೆಲ್ಲರೂ ಆ ಕ್ಷಣವೇ ಓದುವಂತೆ ಮಾಡುವ ತಂತ್ರಾಂಶವೇ ಅದು. 1972ರಲ್ಲಿ ಐ.ಬಿ.ಎಂ. ಬಿಟ್ಟುಬಂದ ಐವರು ಇಂಜಿನಿಯರುಗಳು ಜರ್ಮನಿಯಲ್ಲಿ ಸ್ಯಾಪ್ ಸಂಸ್ಥೆಯನ್ನು ಸ್ಥಾಪಿಸಿದ ಕಾಲದಿಂದ ಬಹುಕಾಲದವರೆಗೆ ಇದು ದೊಡ್ಡ ಕಂಪನಿಗಳ ಸೊತ್ತಾಗಿತ್ತು. ಗಾರ್ಟ್ನರ್ ಎಂಬ ಅಮೆರಿಕದ ಸಂಸ್ಥೆ 1990ರಲ್ಲಿ ಈ ವರ್ಗಕ್ಕೆ ಇಂದಿನ ಹೆಸರನ್ನಿಟ್ಟಾಗಲೂ ಸಣ್ಣ ಉದ್ಯಮಿಗೆ ಅದರ ಗೊಡವೆ ಇರಲಿಲ್ಲ.

ಸಣ್ಣ ಉದ್ಯಮಿಯ ದಾರಿ ಬೇರೆಯಾಗಿತ್ತು, ಅದು ನಮ್ಮ ಬೆಂಗಳೂರಿನಿಂದಲೇ ಹೊರಟಿತು. ಜವಳಿ ಗಿರಣಿಗಳಿಗೂ ಇತರ ಕಾರ್ಖಾನೆಗಳಿಗೂ ಕಚ್ಚಾ ಸಾಮಗ್ರಿ ಮತ್ತು ಯಂತ್ರಭಾಗಗಳನ್ನು ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರು, ತಮ್ಮ ವ್ಯವಹಾರದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಗದೆ, ಮಗ ಭರತ್ ಅವರಿಗೇ ಒಂದನ್ನು ಬರೆಯಲು ಹೇಳಿದರು. 1986ರಲ್ಲಿ ಹೀಗೆ ಹುಟ್ಟಿದ್ದೇ ಟ್ಯಾಲಿ. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲಂತೂ, ಆಡಿಟರು ಏನು ಕೇಳುತ್ತಾರೋ ಅದನ್ನು ಕೊಡಬಲ್ಲ ತಂತ್ರಾಂಶವೆಂದರೆ ಟ್ಯಾಲಿಯೇ ಎಂಬ ಭಾವನೆ ವರ್ತಕಸಮುದಾಯದಲ್ಲಿ ದೃಢವಾಯಿತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಇತರ ವ್ಯಾಪಾರಿಗಳಿಗೆ ಬರೆಯುವ ಬಿಲ್ಲಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾದಾಗಲೂ, ಕಂಪನಿಗಳ ಲೆಕ್ಕದಲ್ಲಿ ಮಾಡಿದ ಪ್ರತಿಯೊಂದು ತಿದ್ದುಪಡಿಯ ಗುರುತು ಅಳಿಸದಂತೆ ಉಳಿಯಬೇಕೆಂಬ ನಿಯಮ ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಯಾದಾಗಲೂ ಅದು ಹಿಂದೆ ಬೀಳಲಿಲ್ಲ. ಲೆಕ್ಕವಷ್ಟೇ ನಿಮ್ಮ ತೊಡಕಾಗಿದ್ದರೆ ಇನ್ನೊಂದನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ತೊಡಕು ಮೊದಲಾಗುವುದು ಲೆಕ್ಕದ ಕೋಣೆಯಿಂದ ಹೊರಗೆ. ಮೋಟಾರು ವಾಹನಗಳ ಬಿಡಿಭಾಗ ಮಾಡಿಕೊಡುವ ಶೆಡ್ಡೊಂದು 1,000 ಪಿನ್ನುಗಳ ಟರ್ನಿಂಗ್ ಮುಗಿಸಿ, ಹೀಟ್ ಟ್ರೀಟ್‌ಮೆಂಟಿಗೆಂದು ಡಿ.ಸಿ. (ಡೆಲಿವರಿ ಚಲನ್) ಬರೆದು ಬೆಂಗಳೂರಿನ ಪೀಣ್ಯಕ್ಕೆ ಕಳುಹಿಸಿತೆಂದಿಟ್ಟುಕೊಳ್ಳೋಣ. ಮೊದಲ ಟೆಂಪೋದಲ್ಲಿ 600 ಹಿಂದಿರುಗಿದವು. ಹತ್ತು ದಿನ ಬಿಟ್ಟು 380. ಉಳಿದ ಇಪ್ಪತ್ತರಲ್ಲಿ ಹನ್ನೆರಡು ರಿಜೆಕ್ಟ್ ಆಗಿವೆಯೆಂದು ಫೋನಿನಲ್ಲಿ ಹೇಳುತ್ತಾರೆ, ಎಂಟರ ಸುದ್ದಿ ಯಾರಿಗೂ ತಿಳಿಯದು. ಬಂದ 380ರಲ್ಲಿ ಇನ್ನೂರನ್ನು ಆಗಲೇ ಪ್ಲೇಟಿಂಗಿಗೆ ಬೇರೊಂದು ಡಿ.ಸಿ.ಯಲ್ಲಿ ಕಳುಹಿಸಿಯಾಗಿದೆ. ಈ ಮಧ್ಯೆ ಗಿರಾಕಿಯಿಂದ ತುರ್ತು ಕರೆ ಬಂದು, ರವಾನೆಗೆ ಸಿದ್ಧವಾದ ಪಿನ್ನುಗಳೆಷ್ಟೆಂದು ಯಜಮಾನರು ಕೇಳಿದರೆ, ಸ್ಟೋರ್ ಕೀಪರು ಪರದೆಯನ್ನೊಮ್ಮೆ, ಗೋಡೆಯ ಕಡೆಗೊಮ್ಮೆ ನೋಡಿ, “ಸಿಸ್ಟಮ್ಮಲ್ಲಿ ತೋರಿಸ್ತಾ ಇದೆ ಸಾರ್, ರ್‍ಯಾಕಲ್ಲಿ ಇಲ್ಲ” ಎನ್ನುತ್ತಾರೆ. ಇದರ ಮೇಲೆ ಕಾನೂನಿನ ಕಣ್ಣೂ ಉಂಟು. ಹೀಗೆ ಜಾಬ್ ವರ್ಕಿಗೆ, ಎಂದರೆ ಹೊರಗಿನವರಿಂದ ಕೆಲಸ ಮಾಡಿಸಲು, ಹೋದ ಸಾಮಗ್ರಿ ಒಂದು ವರ್ಷದೊಳಗೆ ಹಿಂದಿರುಗದಿದ್ದರೆ, ಕಳುಹಿಸಿದ ದಿನವೇ ಅದನ್ನು ಮಾರಿದಂತೆ ಎಂದು ಜಿ.ಎಸ್.ಟಿ. ಕಾಯಿದೆಯ 143ನೆಯ ಸೆಕ್ಷನ್ನು ಪರಿಗಣಿಸುತ್ತದೆ. ತೆರಿಗೆಯೂ ಬಡ್ಡಿಯೂ ಬೆನ್ನು ಹತ್ತುತ್ತವೆ. ಎಂಟು ಪಿನ್ನುಗಳಿಗೆ ಆಗುವ ಮೊತ್ತ ಅಲ್ಪವೇ ಇರಬಹುದು, ಆದರೆ ವರ್ಷವಿಡೀ ನೂರಾರು ಡಿ.ಸಿ.ಗಳಲ್ಲಿ ಹೀಗೆಯೇ ನಡೆದರೆ ಜಾಬ್ ವರ್ಕಿನ ವಿವರ ಸಲ್ಲಿಸುವ ಐ.ಟಿ.ಸಿ.-04 ನಮೂನೆ ತುಂಬುವ ದಿನ ಆಡಿಟರ ಮುಂದೆ ಕೂರುವವರ ಪಾಡು ಹೇಳತೀರದು.

ಗೋದಾಮು, ಜಾಬ್ ವರ್ಕ್ ಮೊದಲಾದ ಸೌಕರ್ಯಗಳು ಟ್ಯಾಲಿಯಲ್ಲಿಲ್ಲವೆಂದಲ್ಲ. ಆದರೆ ಯಾವ ಯಂತ್ರದ ಮೇಲೆ ಯಾವ ಪಾಳಿಯಲ್ಲಿ ಯಾವ ಕೆಲಸ, ತಪಾಸಣೆಯಲ್ಲಿ ಎಷ್ಟು ಬಿದ್ದುಹೋಯಿತು, ಮುಂದಿನ ಆರ್ಡರಿಗೆ ಯಾವ ಕಚ್ಚಾ ಸಾಮಗ್ರಿಯನ್ನು ಎಂದು ತರಿಸಬೇಕು ಎಂಬಿವೆಲ್ಲವೂ ಒಂದೇ ಸರಣಿಯಲ್ಲಿ ಬೇಕಾದವರಿಗೆ ಇ.ಆರ್.ಪಿ. ಬೇಕಾಗುತ್ತದೆ. ಇಂಥವರ ಎದುರಿಗೆ ಸಾಮಾನ್ಯವಾಗಿ ಬರುವ ಹೆಸರುಗಳು ಮೂರು. ಇಸ್ರೇಲಿನ ಕಂಪನಿಯೊಂದರಿಂದ ಸ್ಯಾಪ್ 2002ರಲ್ಲಿ ಕೊಂಡ ಬಿಸಿನೆಸ್ ಒನ್ ಸುಭದ್ರವಾದದ್ದು. ತಲೆಗಿಷ್ಟೆಂದು ಲೈಸೆನ್ಸಿನ ಹಣ ತೆರಬೇಕು, ಅಳವಡಿಸುವ ಪಾರ್ಟ್‌ನರ್ ಸಂಸ್ಥೆಗೆ ಬೇರೆ. ಬೆಲ್ಜಿಯಮ್ಮಿನಲ್ಲಿ 2005ರಲ್ಲಿ ಫಾಬಿಯೆನ್ ಪಿಂಕರ್ಸ್ ಆರಂಭಿಸಿದ ಓಡೂ ನೋಟಕ್ಕೆ ಮನೋಹರ, ಕಲಿಯಲು ಸುಲಭ. ಆದರೆ ಅದರ ಉಚಿತ ಆವೃತ್ತಿಯಲ್ಲಿ ಪೂರ್ಣವಾದ ಲೆಕ್ಕಪತ್ರ ವಿಭಾಗವಿಲ್ಲವೆಂಬುದನ್ನು ಮಾರುವವರು ಕೊನೆಯಲ್ಲಿ ಹೇಳುವುದುಂಟು. ಮೂರನೆಯದು, ಕುಟುಂಬದ ಪೀಠೋಪಕರಣದ ವ್ಯವಹಾರಕ್ಕೆ ಒಪ್ಪುವ ತಂತ್ರಾಂಶ ದೊರೆಯದೆ ರುಶಭ್ ಮೆಹ್ತಾ ಅವರು ಮುಂಬಯಿಯಲ್ಲಿ ಕಟ್ಟಿದ ಇ.ಆರ್.ಪಿ.ನೆಕ್ಸ್ಟ್. ಇದರ ಮೂಲಸಂಕೇತವನ್ನು ಯಾರು ಬೇಕಾದರೂ ಪಡೆದು ತಮ್ಮ ಸರ್ವರಿನಲ್ಲಿ ಇರಿಸಿಕೊಳ್ಳಬಹುದು, ಹಾಗೆ ಇರಿಸಿಕೊಂಡವರಿಗೆ ಬಳಸುವವರ ತಲೆ ಎಣಿಸಿ ಶುಲ್ಕ ಹಾಕುವ ಪದ್ಧತಿಯಿಲ್ಲ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆಯಾದ ಜೆರೋಧಾ ಕೂಡ ಇದನ್ನು ಬಳಸುತ್ತದೆ. ಗೋಯೆಂಕಾ, ಮೆಹ್ತಾ ಇಬ್ಬರೂ ತಮ್ಮ ಮನೆತನದ ವ್ಯವಹಾರಕ್ಕಾಗಿಯೇ ಬರೆಯಹೊರಟರೆಂಬುದು ಗಮನಾರ್ಹ.

ಹೆಬ್ಬಾಳದ ಶೆಡ್ಡಿಗೆ ಯಾವುದು? ಐದಾರು ಹಂತಗಳ ಉತ್ಪಾದನೆಯೂ ಜಾಬ್ ವರ್ಕೂ ಇರುವ ಕಾರ್ಖಾನೆಗೆ ಇ.ಆರ್.ಪಿ.ನೆಕ್ಸ್ಟ್ ಒಪ್ಪುತ್ತದೆಂದು ನಾನು ಹೇಳಬಲ್ಲೆ, ಆದರೆ ಒಂದು ಷರತ್ತಿನ ಮೇಲೆ: ಅದನ್ನು ತನ್ನ ಹೊಣೆಯೆಂದು ತಿಳಿದು ದಿನವೂ ನೋಡಿಕೊಳ್ಳುವ ಒಬ್ಬ ಮನುಷ್ಯ ಕಾರ್ಖಾನೆಯೊಳಗೇ ಇರಬೇಕು. ಅಂಥವರಿಲ್ಲದೆ, ಕರೆದರೆ ಬರುವ ಹೊರಗಿನ ಹುಡುಗನನ್ನು ನಂಬಿ ಉಚಿತವೆಂಬ ಒಂದೇ ಆಕರ್ಷಣೆಯಿಂದ ಇಳಿದವರಿಗೆ, ಕೈಯಿಂದ ಹೋಗುವ ಹಣ ದುಬಾರಿ ಲೈಸೆನ್ಸಿಗಿಂತ ಹೆಚ್ಚಾದೀತು. ಹಲವು ಊರುಗಳಲ್ಲಿ ಶಾಖೆ, ರಫ್ತು, ವಿದೇಶೀ ಗಿರಾಕಿ ಎಲ್ಲವೂ ಇರುವ ಮಧ್ಯಮ ಉದ್ಯಮ ಬಿಸಿನೆಸ್ ಒನ್ನಿನ ಭಾರವನ್ನು ಹೊರಬಲ್ಲದು.

ಯಾವುದನ್ನು ಕೊಂಡರೂ ತಮ್ಮ ಹಳೆಯ ಅಭ್ಯಾಸಕ್ಕೆ ತಕ್ಕಂತೆ ಅದನ್ನೇ ತಿದ್ದಿಸುವ ಹಟ ಮಾತ್ರ ಅಪಾಯದ್ದು. ಜರ್ಮನಿಯ ಲಿಡ್ಲ್ ಎಂಬ ಅಂಗಡಿಗಳ ಸಂಸ್ಥೆ ದಾಸ್ತಾನನ್ನು ಖರೀದಿಯ ಬೆಲೆಯಲ್ಲಿ ಎಣಿಸುತ್ತಿತ್ತು, ಸ್ಯಾಪ್ ಮಾರಾಟದ ಬೆಲೆಯಲ್ಲಿ. ತನ್ನ ಪದ್ಧತಿಯನ್ನು ಬಿಡದೆ ತಂತ್ರಾಂಶವನ್ನೇ ಮಾರ್ಪಡಿಸಹೊರಟು, ಏಳು ವರ್ಷಗಳ ಮೇಲೆ, ಸುಮಾರು 50 ಕೋಟಿ ಯೂರೋ ವೆಚ್ಚವಾಯಿತೆಂದು ವರದಿಯಾದ ಆ ಯೋಜನೆಯನ್ನು 2018ರಲ್ಲಿ ಕೈಬಿಟ್ಟಿತು. ಅವಸರವೂ ಅಷ್ಟೇ ಕೆಟ್ಟದ್ದು: ಅಮೆರಿಕದ ಹರ್ಷೀ ಕಂಪನಿ 1999ರಲ್ಲಿ ಹಬ್ಬದ ವ್ಯಾಪಾರದ ಹೊಸ್ತಿಲಲ್ಲೇ ಹೊಸ ವ್ಯವಸ್ಥೆಗೆ ಹಾರಿ, ಗೋದಾಮಿನಲ್ಲಿ ಮಿಠಾಯಿ ಇದ್ದೂ ಅಂಗಡಿಗಳಿಗೆ ತಲುಪಿಸಲಾರದೆ ಹೋಯಿತು.

ಇವೆಲ್ಲಕ್ಕೂ ಮುಂಚೆ ಮಾಡಬೇಕಾದದ್ದು ಬೇಸರ ತರಿಸುವ ಕೆಲಸ. “ಎಂ8 ಬೋಲ್ಟ್”, “8 ಎಂ.ಎಂ. ಬೋಲ್ಟು”, “ಬೋಲ್ಟ್ 8-25” ಎಂದು ಒಂದೇ ವಸ್ತು ಮೂರು ಹೆಸರಿನಲ್ಲಿ ಪಟ್ಟಿಯಲ್ಲಿದ್ದರೆ, ಯಾವ ದೇಶದ ತಂತ್ರಾಂಶವೂ ಅದನ್ನು ಮೂರು ವಸ್ತುಗಳೆಂದೇ ನಂಬಿ ಮೂರು ಸಲ ಕೊಳ್ಳಿಸೀತು. ಪಟ್ಟಿಯನ್ನು ಶುದ್ಧಮಾಡಿ, ಪ್ರತಿ ವಸ್ತುವಿಗೂ ಸ್ಟೋರಿನವರು ದಿನವೂ ಆಡುವ ಕನ್ನಡದ ಹೆಸರನ್ನೂ ಸೇರಿಸಿ, ಮಾರ್ಚ್ 31ರಂದು ರ್‍ಯಾಕಿನ ಮುಂದೆ ನಿಂತು ಎಣಿಸಿದ ಲೆಕ್ಕದಿಂದಲೇ ಏಪ್ರಿಲ್ 1ರಂದು ಹೊಸ ವ್ಯವಸ್ಥೆಯನ್ನು ಆರಂಭಿಸುವುದು ಕ್ಷೇಮ. ವ್ಯವಸ್ಥೆಯನ್ನು ಬಿಡಬೇಕಾದ ದಿನ ನಿಮ್ಮ ಎಲ್ಲ ದಾಖಲೆಗಳೂ ಎಕ್ಸೆಲ್ಲಿನಲ್ಲಿ ನಿಮಗೆ ಹಿಂದಿರುಗಬೇಕೆಂಬ ಮಾತನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಮಾರಾಟದ ಪ್ರತಿನಿಧಿ ತನ್ನ ಲ್ಯಾಪ್‌ಟಾಪಿನಲ್ಲಿ ಮಾದರಿ ಕಂಪನಿಯೊಂದರ ಸುಂದರವಾದ ಅಂಕಿಗಳನ್ನು ತೋರಿಸಲು ಬಂದಾಗ, ನಿಮ್ಮ ಹೋದ ತಿಂಗಳ ಡಿ.ಸಿ. ಪುಸ್ತಕವನ್ನು ಆತನ ಮುಂದಿಡಿ. ಅದನ್ನು ನಿಮ್ಮ ಸ್ಟೋರ್ ಕೀಪರ ಕೈಯಿಂದಲೇ ಹೊಡೆಸಿ, ಪೀಣ್ಯದಲ್ಲಿ ಬಾಕಿ ಉಳಿದ ಪಿನ್ನುಗಳೆಷ್ಟೆಂದು ತೋರಿಸಲಾರದವನಿಗೆ ಮುಂಗಡದ ಚೆಕ್ಕು ಬರೆಯಬೇಡಿ.