ಎಡ್ ನಾರ್ಟನ್‌ನ ಆಚೆಗಿನ ಆರ್ಟ್ ಕಾರ್ನಿ

ಆರ್ಟ್ ಕಾರ್ನಿ (1918–2003) ಎಂದರೆ ಅಮೆರಿಕದ ಪ್ರೇಕ್ಷಕರಿಗೆ ಮೊದಲು ನೆನಪಾಗುವುದು ಎಡ್ ನಾರ್ಟನ್. ಬನಿಯನ್ನಿನ ಮೇಲೆ ಗುಂಡಿ ಹಾಕದ ವೇಸ್ಟ್‌ಕೋಟು, ತಲೆಗೆ ಅಂಚು ಮೇಲಕ್ಕೆ ಮಡಚಿದ ಫೆಲ್ಟ್ ಟೋಪಿ. ನ್ಯೂಯಾರ್ಕಿನ ಒಳಚರಂಡಿಯಲ್ಲಿ ದುಡಿದು, ಮೇಲಿನ ಮನೆಯಿಂದ ಕರೆಯದೆಯೇ ಇಳಿದುಬಂದು ಊಟಕ್ಕೆ ಕೂತುಬಿಡುವ ನೆರೆಯವ. ‘ದ ಹನಿಮೂನರ್ಸ್’ ಹಾಸ್ಯಸರಣಿಯ ಈ ಪಾತ್ರ ಅಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದರಿಂದಲೇ ಕಾರ್ನಿಯ ಐವತ್ತು ವರ್ಷಗಳ ದುಡಿಮೆಯ ಬಗ್ಗೆ ಹಲವು ತಪ್ಪು ನಂಬಿಕೆಗಳು ಉಳಿದುಕೊಂಡಿವೆ.

ಈ ಸರಣಿ ಹತ್ತಾರು ವರ್ಷ ಓಡಿತೆಂಬುದು ಅವುಗಳಲ್ಲಿ ಮೊದಲನೆಯದು. ಅರ್ಧ ಗಂಟೆಯ ಸ್ವತಂತ್ರ ಸರಣಿಯಾಗಿ ಅದು ಬಂದದ್ದು 1955ರ ಅಕ್ಟೋಬರ್‌ನಿಂದ 1956ರ ಸೆಪ್ಟೆಂಬರ್‌ವರೆಗೆ ಮಾತ್ರ, ಬರೀ 39 ಕಂತು. ಅದೇ ಹೊತ್ತಿಗೆ ಇನ್ನೊಂದು ವಾಹಿನಿಯಲ್ಲಿ ಬರುತ್ತಿದ್ದ ಪೆರಿ ಕೋಮೊ ಅವರ ಹಾಡಿನ ಕಾರ್ಯಕ್ರಮ ವೀಕ್ಷಕರನ್ನು ಸೆಳೆದುಕೊಂಡಿತ್ತು. ಆದರೂ ಸರಣಿ ಉಳಿದದ್ದು ಅದನ್ನು ಚಿತ್ರೀಕರಿಸಿದ ರೀತಿಯಿಂದ. ನ್ಯೂಯಾರ್ಕಿನ ಅಡೆಲ್ಫಿ ರಂಗಮಂದಿರದಲ್ಲಿ ಪ್ರೇಕ್ಷಕರನ್ನು ಕೂರಿಸಿ ವಾರಕ್ಕೆ ಎರಡು ಕಂತುಗಳನ್ನು ನಾಟಕದಂತೆ ಒಂದೇ ಓಘದಲ್ಲಿ ಆಡಲಾಗುತ್ತಿತ್ತು. ಟಿವಿ ಕ್ಯಾಮೆರಾಕ್ಕೂ ಸಿನಿಮಾ ಕ್ಯಾಮೆರಾಕ್ಕೂ ಒಂದೇ ಮಸೂರ ಇಟ್ಟ ‘ಎಲೆಕ್ಟ್ರಾನಿಕ್ಯಾಮ್’ ಎಂಬ ಯಂತ್ರ ಅದನ್ನು ಫಿಲ್ಮಿಗೆ ಇಳಿಸುತ್ತಿತ್ತು. ಆ ಫಿಲ್ಮು ಇದ್ದದ್ದರಿಂದಲೇ ಮುಂದಿನ ತಲೆಮಾರುಗಳು ಮರುಪ್ರಸಾರದಲ್ಲಿ ಈ 39 ಕಂತುಗಳನ್ನು ಮತ್ತೆ ಮತ್ತೆ ನೋಡಿದವು. ಸರಣಿ ಬಹುಕಾಲ ನಡೆಯಿತೆಂಬ ಭಾವನೆಯೂ ಅಲ್ಲಿಂದಲೇ ಹುಟ್ಟಿತು.

ನಾರ್ಟನ್ ಮೊದಲ ದಿನದಿಂದಲೂ ಇದ್ದ ಎಂಬುದೂ ನಿಜವಲ್ಲ. ಹನಿಮೂನರ್ಸ್ ಮೊದಲು ಕಾಣಿಸಿಕೊಂಡದ್ದು 1951ರ ಅಕ್ಟೋಬರ್‌ನಲ್ಲಿ, ಸರಣಿಯ ಮುಖ್ಯ ನಟ ಜ್ಯಾಕಿ ಗ್ಲೀಸನ್ ನಡೆಸುತ್ತಿದ್ದ ಕಾರ್ಯಕ್ರಮವೊಂದರ ಪುಟ್ಟ ಪ್ರಹಸನವಾಗಿ. ಅದರಲ್ಲಿ ಕಾರ್ನಿ ನೆರೆಯವನಲ್ಲ, ಪೊಲೀಸ್ ಪೇದೆ. ಕಿಟಕಿಯಿಂದ ಎಸೆದ ಹಿಟ್ಟು ಮೈಮೇಲೆ ಬಿದ್ದು ಬಾಗಿಲಿಗೆ ಬರುವ ಸಣ್ಣ ಪಾತ್ರ. ನಾರ್ಟನ್ ಹುಟ್ಟಿದ್ದು ಆಮೇಲೆ.

ಕಾರ್ನಿ ಗ್ಲೀಸನ್ನನ ನೆರಳಿನಲ್ಲಿ ಬೆಳೆದ ‘ಎರಡನೆಯವ’ ಎಂಬ ಮಾತು ಹೆಚ್ಚು ಅನ್ಯಾಯದ್ದು. ಗ್ಲೀಸನ್ ಸಿಗುವ ಮುಂಚೆಯೇ ಅವರು ಹೊರೇಸ್ ಹೈಟ್‌ನ ವಾದ್ಯತಂಡದೊಂದಿಗೆ ಊರೂರು ಸುತ್ತಿ ಹಾಸ್ಯಗೀತೆ ಹಾಡಿದ್ದರು, ರೇಡಿಯೋದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್‌ರ ದನಿ ಅನುಕರಿಸಿದ್ದರು. ಯಾವ ನಟನಾ ಶಾಲೆಯ ಮೆಟ್ಟಿಲನ್ನೂ ಹತ್ತದ ಕಾರ್ನಿಗೆ ಮಿಮಿಕ್ರಿಯೇ ಗುರು. ಗ್ಲೀಸನ್ನನದು ಅಬ್ಬರದ, ಗದ್ದಲದ ಅಭಿನಯವಾದರೆ ಕಾರ್ನಿಯದು ಮೈಯಿಂದ ಹುಟ್ಟಿದ ಹಾಸ್ಯ. ಕಾಗದಕ್ಕೆ ಒಂದು ಸಹಿ ಹಾಕಬೇಕಾದರೂ ನಾರ್ಟನ್ ತೋಳು ಕೊಡವುತ್ತಾನೆ, ಬೆರಳು ಸಡಿಲಿಸುತ್ತಾನೆ, ಪೆನ್ನನ್ನು ಗಾಳಿಯಲ್ಲಿ ಸುತ್ತಿಸುತ್ತಾನೆ. ಪಕ್ಕದಲ್ಲಿ ಗ್ಲೀಸನ್ನನ ಪಾತ್ರ ಕುದಿಯುತ್ತಿರುತ್ತದೆ. ಗಾಲ್ಫ್ ಕಲಿಸುವ ಕಂತಿನಲ್ಲಿ ಇದರ ಸೊಗಸು ಇನ್ನೂ ಚೆನ್ನಾಗಿ ಕಾಣುತ್ತದೆ. ಚೆಂಡಿನ ಎದುರು ಸರಿಯಾಗಿ ನಿಲ್ಲಬೇಕೆಂಬ ಸೂಚನೆಗೆ ಪುಸ್ತಕದಲ್ಲಿ ಬಳಸಿದ ಇಂಗ್ಲಿಷ್ ಪದಕ್ಕೆ ಮಾತಾಡಿಸು ಎಂಬ ಅರ್ಥವೂ ಇದೆ. ನಾರ್ಟನ್ ಬಹಳ ಹೊತ್ತು ಮೈ ಸರಿಪಡಿಸಿಕೊಂಡು, ಪೂರ್ಣ ಗಂಭೀರತೆಯಿಂದ ಚೆಂಡಿಗೆ ನಮಸ್ಕಾರ ಹೇಳುತ್ತಾನೆ. ನಗು ಇರುವುದು ಮಾತಿಗಿಂತ ಹೆಚ್ಚಾಗಿ ಅದಕ್ಕೆ ಮುಂಚಿನ ಆ ಸಿದ್ಧತೆಯಲ್ಲಿ. ಪ್ರಶಸ್ತಿಗಳ ಲೆಕ್ಕವೂ ಇದನ್ನೇ ಹೇಳುತ್ತದೆ: ಕಾರ್ನಿಗೆ ಜೀವಮಾನದಲ್ಲಿ 6 ಎಮ್ಮಿ ಪ್ರಶಸ್ತಿಗಳು ಬಂದವು, ಗ್ಲೀಸನ್ನನಿಗೆ ಒಂದೂ ಬರಲಿಲ್ಲ.

ರಂಗಭೂಮಿಯ ವಿಷಯದಲ್ಲಿ ಮರೆವು ಇನ್ನೂ ಆಳವಾದದ್ದು. ನೀಲ್ ಸೈಮನ್‌ರ ‘ದ ಆಡ್ ಕಪಲ್’ ನಾಟಕದ ಅತಿ ಶಿಸ್ತಿನ ಫೀಲಿಕ್ಸ್ ಉಂಗರ್ ಎಂದರೆ ಕೆಲವರಿಗೆ 1968ರ ಸಿನಿಮಾದ ಜ್ಯಾಕ್ ಲೆಮನ್, ಇನ್ನು ಕೆಲವರಿಗೆ 1970ರ ಟಿವಿ ಸರಣಿಯ ಟೋನಿ ರಾಂಡಲ್. ಆದರೆ 1965ರ ಮಾರ್ಚ್‌ನಲ್ಲಿ ಮೈಕ್ ನಿಕೋಲ್ಸ್ ನಿರ್ದೇಶನದಲ್ಲಿ ನಾಟಕ ಬ್ರಾಡ್‌ವೇಗೆ ಬಂದಾಗ ಆ ಪಾತ್ರಕ್ಕೆ ಮೊದಲು ಜೀವ ಕೊಟ್ಟವರು ಕಾರ್ನಿ. ಎದುರಿಗೆ ಕೊಳಕು ಕೋಣೆಯ ಆಸ್ಕರ್ ಆಗಿ ವಾಲ್ಟರ್ ಮ್ಯಾಥೌ. ಏನನ್ನೂ ಹಚ್ಚಿಕೊಳ್ಳದ ನಾರ್ಟನ್ನನಿಗೂ, ಬೂದಿಯ ಕಣ ಬಿದ್ದರೂ ಕಂಗಾಲಾಗುವ ಫೀಲಿಕ್ಸ್‌ಗೂ ಎಲ್ಲಿಂದೆಲ್ಲಿಯ ಸಂಬಂಧ! ಆ ದಿನಗಳಲ್ಲಿ ಕಾರ್ನಿಯ ಮೊದಲ ದಾಂಪತ್ಯ ಮುರಿದಿತ್ತು, ಕುಡಿತ ಮತ್ತು ಖಿನ್ನತೆ ಅವರನ್ನು ಕಾಡುತ್ತಿದ್ದವು. ಕೊನೆಗೆ ಚಿಕಿತ್ಸೆಗಾಗಿ ನಾಟಕವನ್ನು ಬಿಡಬೇಕಾಯಿತು. ತೆರೆಯ ಮೇಲೆ ನಗಿಸುವವರ ಬದುಕೂ ಹಗುರವಾಗಿರುತ್ತದೆ ಎಂದು ನಂಬುವವರು ಈ ವರ್ಷವನ್ನು ಗಮನಿಸುವುದಿಲ್ಲ.

ಗಂಭೀರ ನಟನೆ ಅವರಿಗೆ ಮುಪ್ಪಿನಲ್ಲಿ ಒದಗಿದ ಅದೃಷ್ಟ ಎಂಬ ನಂಬಿಕೆಗೆ ಕಾರಣ 1975ರ ಆಸ್ಕರ್. ‘ಹ್ಯಾರಿ ಅಂಡ್ ಟೋಂಟೊ’ ಚಿತ್ರದಲ್ಲಿ ಬೆಕ್ಕನ್ನು ಜೊತೆಗಿಟ್ಟುಕೊಂಡು ಅಮೆರಿಕದ ಉದ್ದಕ್ಕೂ ಸಾಗುವ ನಿವೃತ್ತ ಮೇಷ್ಟರ ಪಾತ್ರಕ್ಕೆ ಕಾರ್ನಿ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಆ ವರ್ಷ ಕಣದಲ್ಲಿದ್ದವರು ಅಲ್ ಪಚೀನೊ, ಜ್ಯಾಕ್ ನಿಕಲ್ಸನ್, ಡಸ್ಟಿನ್ ಹಾಫ್‌ಮನ್ ಮತ್ತು ಆಲ್ಬರ್ಟ್ ಫಿನ್ನಿ. ಹಾಸ್ಯನಟನೊಬ್ಬ ಇವರನ್ನೆಲ್ಲ ಹಿಂದಿಕ್ಕಿದ್ದು ಹಲವರಿಗೆ ಆಕಸ್ಮಿಕವೆನಿಸಿತು. ಆದರೆ ಕಾರ್ನಿ 1957ರಲ್ಲಿಯೇ ಬ್ರಾಡ್‌ವೇಯ ‘ದ ರೋಪ್ ಡ್ಯಾನ್ಸರ್ಸ್’ ಎಂಬ ಗಂಭೀರ ನಾಟಕದಲ್ಲಿ ಆಡಿದ್ದರು. 1960ರಲ್ಲಿ ‘ಟ್ವೈಲೈಟ್ ಜೋನ್’ ಸರಣಿಯ ಕ್ರಿಸ್‌ಮಸ್ ಕಂತಿನಲ್ಲಿ, ಬಡ ಮಕ್ಕಳ ಸಂಕಟ ನೋಡಲಾರದೆ ಕುಡಿದು ಬರುವ ಸಾಂತಾ ವೇಷಧಾರಿಯಾಗಿದ್ದರು. ಬ್ರಯನ್ ಫ್ರೀಲ್‌ರ ‘ಲವರ್ಸ್’ ನಾಟಕ ಅವರಿಗೆ ಟೋನಿ ಪ್ರಶಸ್ತಿಯ ನಾಮನಿರ್ದೇಶನ ತಂದಿತ್ತು. ಆಸ್ಕರ್ ಬಂದದ್ದು ಇಷ್ಟೆಲ್ಲ ಆದ ಮೇಲೆ.

ಅದೇ ಚಿತ್ರದ ಬಗ್ಗೆ ಇನ್ನೆರಡು ತಪ್ಪುಗಳಿವೆ. ಹ್ಯಾರಿಯ ವಯಸ್ಸು 72. ಅದೇ ನಟನ ವಯಸ್ಸೂ ಆಗಿತ್ತೆಂದು ಅನೇಕರು ತಿಳಿದಿದ್ದಾರೆ. ಕಾರ್ನಿಗೆ ಆಗಿದ್ದದ್ದು ಬರೀ 55. ಹ್ಯಾರಿಯ ಕುಂಟು ನಡಿಗೆಯನ್ನು ನಟನೆಯೆಂದು ಮೆಚ್ಚಿಕೊಂಡವರೂ ಇದ್ದಾರೆ. ಅದು ನಟನೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಪದಾತಿ ಸೈನಿಕನಾಗಿ ಫ್ರಾನ್ಸಿನ ನಾರ್ಮಂಡಿಗೆ ಹೋಗಿದ್ದ ಕಾರ್ನಿಗೆ 1944ರಲ್ಲಿ ಸಿಡಿಗುಂಡಿನ ಚೂರು ಕಾಲಿಗೆ ಬಡಿದು, ಒಂದು ಕಾಲು ಇನ್ನೊಂದಕ್ಕಿಂತ ಸ್ವಲ್ಪ ಗಿಡ್ಡವಾಯಿತು. ನಾರ್ಟನ್ ಕುಣಿದಾಡುವಾಗಲೂ ಅದೇ ಕಾಲು.

ಗ್ಲೀಸನ್ ಜೊತೆಗಿನ ಸಂಬಂಧ 1950ರ ದಶಕಕ್ಕೇ ಮುಗಿಯಿತೆಂಬುದೂ ತಪ್ಪು. 1960ರ ದಶಕದ ಕೊನೆಯಲ್ಲಿ ಮಯಾಮಿ ಬೀಚ್‌ನಿಂದ ಪ್ರಸಾರವಾದ ಗ್ಲೀಸನ್ನನ ಕಾರ್ಯಕ್ರಮಕ್ಕೆ ಕಾರ್ನಿ ಮರಳಿದರು; ಅವರ ಎರಡು ಎಮ್ಮಿಗಳು ಆ ಅವಧಿಯವು. 1985ರಲ್ಲಿ ‘ಇಜಿ ಅಂಡ್ ಮೋ’ ಎಂಬ ಟಿವಿ ಚಿತ್ರದಲ್ಲಿ, ಪಾನನಿಷೇಧ ಕಾಲದ ಇಬ್ಬರು ಸರ್ಕಾರಿ ಏಜೆಂಟರಾಗಿ, ಇಬ್ಬರೂ ಕೊನೆಯ ಬಾರಿಗೆ ಜೊತೆಯಾಗಿ ನಟಿಸಿದರು. ಗ್ಲೀಸನ್ 1987ರಲ್ಲಿ ತೀರಿಕೊಂಡರು. ಕಾರ್ನಿ 1993ರ ‘ಲಾಸ್ಟ್ ಆ್ಯಕ್ಷನ್ ಹೀರೊ’ವರೆಗೂ ತೆರೆಯ ಮೇಲಿದ್ದರು. ಅಷ್ಟರಲ್ಲಿ, ಬಿಟ್ಟುಹೋಗಿದ್ದ ಮೊದಲ ಪತ್ನಿ ಜೀನ್ ಅವರನ್ನೇ ಮತ್ತೆ ಮದುವೆಯಾಗಿದ್ದರು. 2003ರ ನವೆಂಬರ್‌ನಲ್ಲಿ, 85 ತುಂಬಿದ ಕೆಲವೇ ದಿನಗಳಿಗೆ, ಕನೆಕ್ಟಿಕಟ್‌ನ ಚೆಸ್ಟರ್‌ನಲ್ಲಿ ನಿಧನರಾದರು.